ಯಾವುದಾದ್ರೂ ಒಂದು ಒತ್ತಿ

ಶಿಕ್ಷಕರ ಆನ್‌ಲೈನ್ ತರಬೇತಿಗೆ ಕೋರ್ಸ್ ತಯಾರಿಸೋದು ಆಗ ನನ್ನ ಕೆಲಸ. ಬಟವಾಡಿ ಬಡಾವಣೆಯ ಆಫೀಸಲ್ಲಿ ಫ್ಯಾನಿನ ಕೆಳಗೆ ಕೂತು ಬರೆಯುತ್ತಿದ್ದೆ. ಇಂಟರ್ನೆಟ್ ಇನ್ನೂ ಹೊಸದು. ಕೋರ್ಸ್ ಮುಗಿಸೋಕೆ ಮೇಷ್ಟ್ರು, ಮೇಡಂಗಳೆಲ್ಲ ಕುಣಿಗಲ್ಲಿನ ಕಂಪ್ಯೂಟರ್ ಸೆಂಟರಿಗೆ ಬರಬೇಕಿತ್ತು. ಒಂದು ದಿನ ನಾನೂ ನೋಡೋಕೆ ಹೋಗಿದ್ದೆ.

ಹುಲಿಯೂರುದುರ್ಗದ ಕಡೆಯ ಒಬ್ಬ ಮೇಡಂ ಮೊದಲ ಪ್ರಶ್ನೆಯಲ್ಲೇ ನಿಂತುಬಿಟ್ಟಿದ್ದರು. ‘ನೀವು ಯಾವ ತರಗತಿಗೆ ಪಾಠ ಮಾಡುತ್ತೀರಿ?’ ಒಂದನ್ನಷ್ಟೇ ಒತ್ತಬಹುದು. ಒತ್ತದಿದ್ದರೆ ಮುಂದಿನ ಪುಟ ಬರೋಲ್ಲ.

“ಸಾರ್, ನಮ್ ಸ್ಕೂಲಲ್ಲಿ ಇರೋದೇ ಒಂದು ರೂಮು. ಒಂದರಿಂದ ಐದರವರೆಗೂ ನಾನೊಬ್ಳೇ. ಯಾವ್ದು ಒತ್ಲಿ?”

“ಯಾವ್ದಾದ್ರೂ ಒಂದು ಒತ್ತಿ ಮೇಡಂ, ಯಾರ್ ನೋಡ್ತಾರೆ?”

“ಮಿಕ್ಕ ನಾಕು ಕ್ಲಾಸಿನ ಮಕ್ಳು ಇಲ್ವೇ ಇಲ್ಲ ಅಂತ ಬರ್ಕೊಡ್ಲಾ ಸಾರ್?”

ನನಗೆ ರೇಗಿತು. “ಕಂಪ್ಯೂಟರ್ ಇರೋದೇ ಹಂಗೆ” ಅಂದೆ. ಹಂಗೆ ಮಾಡಿಟ್ಟವನು ನಾನೇ ಅಂತ ಹೇಳಲಿಲ್ಲ. ಅವರು ಸಂಜೆವರೆಗೂ ಅದೇ ಪುಟದ ಮುಂದೆ ಕೂತಿದ್ದು, ಐದೂವರೆ ಬಸ್ಸಿಗೆ ಎದ್ದು ಹೋದರು.

ಕೋರ್ಸ್ ಮುಗಿಸದವರ ಪಟ್ಟಿಯಲ್ಲಿ ಇದ್ದದ್ದು ಅವರ ಹೆಸರೊಂದೇ. ಅವರಿಗೆ ನೋಟಿಸ್ ಹೋಯಿತು. ನನಗೆ ಶಾಲು ಹೊದಿಸಿದರು.

ಕೋರ್ಸಿನ ಹೆಸರು ‘ಪ್ರತಿ ಮಗುವೂ ಮುಖ್ಯ’. ಅದನ್ನಿಟ್ಟವನೂ ನಾನೇ.