ಸಾಹೇಬರ ತೊಡಿ ಮ್ಯಾಲಿನ ಮಣ್ಣೆತ್ತು

ಬರ್ರಿ, ಗ್ವಾಡಿಗೆ ಆತು ಕೂಡ್ರಿ, ನಗಲಾರದ ಕೇಳ್ರಿ.

ಕಮತಗಿ ಕಡೆ ನಮ್ಮ ಹೊಲದಾಗ ಫೋನಿಗೆ, ಕ್ಷಿಪಣಿಗೆ ಬೇಕಾಗೋ ಅಪರೂಪದ ಖನಿಜ ಹುಡುಕಾಕ ಸರಕಾರದ ಸಾಹೇಬರು ಬಂದಿದ್ರು. ಅವರಿಗೆ ರೊಟ್ಟಿ ಬಡಿಯೋ ಕೆಲಸ ನಂದು. ತಪಾಸಣಿಗಂತ ಆಳದಿಂದ ತಗದ ಮಣ್ಣು ಒಂದು ಚೀಲದಾಗ ಇಟ್ಟಿದ್ರು. ಮಣ್ಣೆತ್ತಿನ ಅಮಾಸಿ ದಿನ ನಾ ನೋಡಿದೆ, ಎಷ್ಟ ಚಂದ ಜಿಗಿ ಮಣ್ಣು! ತಂದು ಜೋಡೆತ್ತು ಮಾಡಿ, ಅರಿಷಿಣ-ಕುಂಕುಮ ಹಚ್ಚಿ ಪೂಜಿ ಮಾಡಿಬಿಟ್ಟೆ.

ಮಣ್ಣು ಹುಡುಕ್ಕೋಂತ ಸಾಹೇಬರು ನಮ್ಮ ಜಗಲಿ ಮುಂದ ಬಂದು ನಿಂತ್ರು.

“ಅಮ್ಮಾ, ಅದು ದೇಶದ ಸಂಪತ್ತು! ಒಡದು ಕೊಡ್ರಿ, ಇಲ್ಲಾಂದ್ರ ನನ್ನ ನೌಕರಿ ಹೋಗ್ತದ. ಇನ್ನೂ ಎಷ್ಟ ದಿನ ಹೊರದೇಶಕ್ಕ ಕೈ ಚಾಚೋದು?”

“ಅದಕ್ಕ ನನ್ನ ಎತ್ತಿಗೆ ಕೈ ಹಾಕ್ತೀರೇನ್ರಿ? ಪೂಜಿ ಆದ ಬಸವಣ್ಣನ್ನ ಒಡದ್ರ ಕೈಕಾಲು ಬಿದ್ದಹೋಗ್ತಾವು. ಇದ್ದಂಗ ಒಯ್ರಿ, ತಪಾಸಣಿ ಮುಗದ ಮ್ಯಾಲೆ ನೀರಿಗೆ ಬಿಡ್ರಿ.”

ಸಾಹೇಬರು ಅಂಜಿ, ಎತ್ತು ತೊಡಿ ಮ್ಯಾಲೆ ಇಟಗೊಂಡು ಜೀಪಿನ್ಯಾಗ ಹ್ವಾದ್ರು.

ಆಫೀಸಿನ ತಪಾಸಣಿ ಮಷಿನ್ನಿಗೆ ಅರಿಷಿಣ ಬಿಟ್ರ ಮತ್ತೇನೂ ಸಿಗಲಿಲ್ಲಂತ. ಸಾಹೇಬರ ನೌಕರಿ ಉಳೀತು, ಆದ್ರ ದೂರದ ಊರಿಗೆ ವರ್ಗ ಆತು. ನಾ ಇಲ್ಲೇ ರೊಟ್ಟಿ ಬಡಿಯಾಕತ್ತೇನಿ. ಎತ್ತು ಮಾತ್ರ ಆಫೀಸಿನ ಗಾಜಿನ ಕಪಾಟಿನ್ಯಾಗ ಕುಂತಾವಂತ. ನೀರಿಗೆ ಬಿಡಾಕ ಮ್ಯಾಲಿನವರ ಸಹಿ ಇನ್ನೂ ಬಂದಿಲ್ಲ.