ಫೋನ್ ಒಳಗೆ ಬಿಡದ ಗಿಟಾರ್ ಮೇಷ್ಟ್ರು

ಆ ಶನಿವಾರವೂ ನಮ್ಮ ಗಿಟಾರ್ ಮೇಷ್ಟ್ರು ಪಾಠಕ್ಕೆ ಮುಂಚೆ ಎಡಗೈ ಬೆರಳ ತುದಿಗಳನ್ನು ಉಗುರು ಉಜ್ಜುವ ಅರದಿಂದ ಉಜ್ಜಿಕೊಳ್ಳುತ್ತಿದ್ದರು. ಎಪ್ಪತ್ತೆಂಟು ವರ್ಷದ ನಡುಗುವ ಕೈ. ಆ ನಾಲ್ಕು ತುದಿಗಳು ಮಾತ್ರ ತಂತಿ ಒತ್ತಿ ಒತ್ತಿ ಹುಣಸೆಬೀಜದ ಹಾಗೆ ಗಟ್ಟಿ, ನುಣುಪು. ಸಿಯಾಟಲ್ ಹತ್ತಿರದ ಎಜುಕೇಶನ್ ಹಿಲ್ ಬಡಾವಣೆಯ ಅವರ ಗ್ಯಾರೇಜಿನ ಬಾಗಿಲಲ್ಲಿ ನಿಂತು ನಾನು ಫೋನ್ ಹಾಕಲು ಅಕ್ಕಿ ಡಬ್ಬ ಹುಡುಕಿದೆ.

"ಇರಲಿ ಬಾಮ್ಮ, ನೀನೇ ಇಟ್ಕೊ" ಎಂದರು. ನಾನು ಪಾಠಕ್ಕೆ ಬಂದ ಒಂಬತ್ತು ವರ್ಷದಲ್ಲಿ ಹಾಗೆ ಅಂದದ್ದು ಅದೇ ಮೊದಲು.

ಪಾಠಕ್ಕೆ ಬಂದವರೆಲ್ಲ ಫೋನನ್ನು ಆ ಖಾಲಿ ಡಬ್ಬಕ್ಕೆ ಹಾಕಿಯೇ ಒಳಗೆ ಬರಬೇಕಿತ್ತು. ಕೈಗಡಿಯಾರವನ್ನೂ ಬಿಚ್ಚಿಸುತ್ತಿದ್ದರು. ಯಾರಾದರೂ ತಮ್ಮ ನುಡಿಸಾಣಿಕೆಯನ್ನು ಕದ್ದು ರೆಕಾರ್ಡ್ ಮಾಡಿಕೊಂಡಾರೆಂಬ ಅನುಮಾನ ಅವರಿಗೆ.

ಅವರು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕಾಲನಿಯಲ್ಲಿ. ಇಲ್ಲಿಗೆ ಬಂದದ್ದು ವಿಮಾನ ಕಾರ್ಖಾನೆಯ ಕೆಲಸಕ್ಕೆ. ವಾರವೆಲ್ಲ ಲೋಹ ಕೊರೆದು, ವಾರಾಂತ್ಯದಲ್ಲಿ ಬಾರ್‌ಗಳಲ್ಲಿ ಬ್ಲೂಸ್ ಸಂಗೀತ ನುಡಿಸಿದರು. ತಂತಿಯನ್ನು ಎಳೆದು, ಸ್ವರ ಮೇಲೇರುವ ಮೊದಲು ಒಂದು ಉಸಿರಿನಷ್ಟು ತಡೆಯುತ್ತಿದ್ದರು. ಇವತ್ತು ಸಿಯಾಟಲ್‌ನ ಯಾವ ಬಾರ್‌ಗೆ ಹೋದರೂ ಬೇರೆಯವರ ಗಿಟಾರಿನಲ್ಲಿ ಆ ತಡೆ ಕೇಳಿಸುತ್ತದೆ. ಅದನ್ನು ಕೇಳಿದರೆ ಅವರು ಹೆಮ್ಮೆಪಡುತ್ತಿರಲಿಲ್ಲ. "ಕಳ್ಳ" ಎಂದು ಗೊಣಗಿ ಎದ್ದುಬಿಡುತ್ತಿದ್ದರು.

"ನಮ್ಮಪ್ಪನ್ನ ಗಣಿ ಗೇಟಲ್ಲಿ ದಿನಾ ನಿಲ್ಸಿ, ಬಾಯೊಳಗೂ ನೋಡೋರು. ಮೂವತ್ತು ವರ್ಷ. ಏನೂ ಸಿಗ್ಲಿಲ್ಲ" ಎಂದಿದ್ದರು ಒಮ್ಮೆ.

"ಮತ್ತೆ ನೀವ್ಯಾಕೆ ಮೇಷ್ಟ್ರೇ ನಮ್ಮನ್ನ ಹಾಗೇ ನೋಡ್ತೀರ?"

"ಚಿನ್ನ ಹೋಗ್ಲಿಲ್ಲ ಅಂದ್ಕೊಂಡ್ಯಾ? ಹೋಗೇ ಹೋಯ್ತು. ಯಾರ ಬಾಯಲ್ಲಿ ಅಂತ ಗೊತ್ತಾಗ್ಲಿಲ್ಲ, ಅಷ್ಟೇ."

ಆ ಅಪ್ಪನ ಮೇಲೆ ಅವರು ಕಟ್ಟಿದ ಒಂದು ಬ್ಲೂಸ್ ಇತ್ತು, ಮೂರು ಭಾಗದ್ದು. ಎರಡನ್ನು ನಮಗೆಲ್ಲ ಕಲಿಸಿದ್ದರು. ಮೂರನೆಯದನ್ನು ಯಾರೂ ಕೇಳಿರಲಿಲ್ಲ. ಆ ಶನಿವಾರ ನನ್ನೊಬ್ಬಳ ಮುಂದೆ ಅದನ್ನು ಪೂರ್ತಿ ನುಡಿಸಿದರು. ಫೋನ್ ನನ್ನ ಮಡಿಲಲ್ಲೇ ಇತ್ತು. ನಾನು ಮುಟ್ಟಲಿಲ್ಲ.

"ರೆಕಾರ್ಡ್ ಮಾಡ್ಕೊಂಡ್ಯಾ?"

"ಇಲ್ಲ ಮೇಷ್ಟ್ರೇ."

ನನ್ನ ಮುಖವನ್ನೇ ನೋಡಿದರು. ನಂಬಿದರೋ, ಇಲ್ಲ ನಾನು ರೆಕಾರ್ಡ್ ಮಾಡಿಕೊಳ್ಳಲಿ ಎಂದೇ ಫೋನ್ ಬಿಟ್ಟಿದ್ದರೋ, ತಿಳಿಯಲಿಲ್ಲ. ಮಂಗಳವಾರ ಬೆಳಿಗ್ಗೆ ಅವರ ಮಗಳು ಕರೆ ಮಾಡಿ, ನಿದ್ದೆಯಲ್ಲೇ ಹೋದರು ಎಂದಳು.

ಹದಿಮೂರನೆಯ ದಿನ ಶಿಷ್ಯರೆಲ್ಲ ಗ್ಯಾರೇಜಿನಲ್ಲಿ ಸೇರಿದ್ದೆವು. ಪಕ್ಕದ ಊರು ಬೆಲ್ವ್ಯೂನ ಆಫೀಸಿನಲ್ಲಿ ಕೆಲಸ ಮಾಡುವ ಮೈಸೂರಿನವನೊಬ್ಬ, ಮೇಷ್ಟ್ರಿಗೆ ನನಗಿಂತ ಹಳೆಯ ಶಿಷ್ಯ, ನನ್ನನ್ನು ಪಕ್ಕಕ್ಕೆ ಕರೆದ.

"ಆ ಮೂರನೇ ಭಾಗ ಶೇರ್ ಮಾಡಿ ಅಕ್ಕ. ನಾವೇನು ತಿಂದ್ಬಿಡಲ್ಲ."

"ನನ್ನ ಹತ್ರ ಇಲ್ಲಪ್ಪ."

"ಫೋನ್ ಕೈಯಲ್ಲೇ ಇತ್ತು ಅಂತ ಅವರ ಮಗಳಿಗೆ ನೀವೇ ಹೇಳಿದ್ರಂತಲ್ಲ?"

ಫೋನ್ ತೆಗೆದು ಅವನ ಕೈಗೇ ಕೊಟ್ಟೆ. ಅವನು ರೆಕಾರ್ಡಿಂಗ್‌ಗಳನ್ನು ಒಂದೊಂದೇ ಸರಿಸಿ ನೋಡಿ ಮುಗಿಸುವ ತನಕ ಎದುರಿಗೆ ನಿಂತಿದ್ದೆ. ಆಮೇಲೆ ನನಗೇ ನಾಚಿಕೆಯಾಗುವ ಹಾಗೆ, "ಈಗ ನಿಂದು ಕೊಡು" ಎಂದೆ. ಅವನೂ ಕೊಟ್ಟ.

ಎರಡರಲ್ಲೂ ಇರಲಿಲ್ಲ. ಮೊದಲ ಎರಡು ಭಾಗಗಳನ್ನು ಈ ಊರಲ್ಲಿ ಹತ್ತಾರು ಜನ ನುಡಿಸುತ್ತಾರೆ. ಮೂರನೆಯದು ಯಾರಿಗೂ ಬರುವುದಿಲ್ಲ. ಕೇಳಿದ ನನಗೂ ಬರುವುದಿಲ್ಲ.