ಕರಂದೀಕರ್ ಸರ್ ಉಳಿಸಿದ ಸಾಲುಗಳು, ಉಳಿಸದ ಒಂದು ಸಾಲು

ಗೆಲಾಕ್ಸಿಗಳ ಬಗ್ಗೆ ಮನುಷ್ಯರು ಯಾವಾಗ ಏನನ್ನು ಕಂಡುಕೊಂಡರು ಎಂಬುದನ್ನು ವರ್ಷವಾರು ಜೋಡಿಸುವ ಕೆಲಸ ಇಂದು ಯಾವ ಒಬ್ಬ ಪಂಡಿತರ ಕೈಯಲ್ಲೂ ಇಲ್ಲ. ಹಲವು ದೇಶಗಳ ಆಸಕ್ತರು ಕೂಡಿ ಬರೆದು, ತಿದ್ದಿ, ಜಗಳವಾಡಿ ಬೆಳೆಸಿರುವ ಕಾಲಾನುಕ್ರಮಣಿಕೆಯೊಂದು ಅಂತರ್ಜಾಲದಲ್ಲಿದೆ. ಆ ಜಗಳಗಳ ನಡುವೆ ಇಷ್ಟು ವರ್ಷ ಸಂಪಾದಕರಾಗಿ ತಲೆ ತಣ್ಣಗಿಟ್ಟುಕೊಂಡು ಕುಳಿತವರು ನಮ್ಮ ಪುಣೆಯ ಪ್ರಾಧ್ಯಾಪಕ ಮುಕುಂದ ಕರಂದೀಕರ್ ಅವರು. ಅವರ ನಿವೃತ್ತಿಯ ಈ ಅಭಿನಂದನ ಗ್ರಂಥಕ್ಕೆ ಬರೆಯಿರೆಂದು ಕೇಳಿದಾಗ, ಬರೀ ಹೊಗಳಿಕೆ ಬೇಕಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಗ್ರಂಥ ಸಮಿತಿಯವರಿಗೆ ಹೇಳಿದ್ದೆ. ಅವರು ನಕ್ಕು ಸುಮ್ಮನಾದರು. ಆದ್ದರಿಂದ ಮುಂದಿನದಕ್ಕೆ ಅವರೂ ಹೊಣೆ.

ನಾನು ಭೌತಶಾಸ್ತ್ರ ವಿಭಾಗಕ್ಕೆ ಸೇರಿದಾಗ ಅವರು ಆಗಲೇ ಹಿರಿಯರು. ನನ್ನ ತಂದೆ ಸಾಸೂನ್ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ ನನ್ನ ತರಗತಿಗಳನ್ನೆಲ್ಲ ತಾವೇ ತೆಗೆದುಕೊಂಡು, ಹಾಜರಿಯಲ್ಲಿ ನನ್ನ ಹೆಸರನ್ನೇ ಉಳಿಸಿದರು. ವಂದನೆ ಹೇಳಹೋದರೆ ಚಹಾ ಆರುತ್ತದೆ ಕುಡಿಯಿರಿ ಎಂದರು. ಈ ಉಪಕಾರವನ್ನು ನಾನು ಮರೆತಿಲ್ಲ. ಮರೆಯಲಾಗದ್ದರಿಂದಲೇ ಇಂದು ಬರೆಯುವುದು ಕಷ್ಟವಾಗಿದೆ.

ಕಾಲಾನುಕ್ರಮಣಿಕೆಯಲ್ಲಿ ಅವರ ಮಾತಿಗೆ ಬಂದ ತೂಕ ಸುಮ್ಮನೆ ಬಂದದ್ದಲ್ಲ. ಅಚ್ಚಾದ ಆಧಾರವಿಲ್ಲದೆ ಅಲ್ಲಿ ಒಂದು ಸಾಲೂ ನಿಲ್ಲುವುದಿಲ್ಲ. ಯಾರಾದರೂ ತಕರಾರು ಎತ್ತಿದರೆ ಚರ್ಚೆಯ ಪುಟದಲ್ಲಿ ಸಂಪಾದಕರು ವಾದಿಸಿ ತೀರ್ಮಾನಿಸುತ್ತಾರೆ. ತಮ್ಮವರ ವಿಷಯ ಬಂದಾಗ ಸಂಪಾದಕರು ತೀರ್ಪಿನಿಂದ ದೂರವಿರಬೇಕು. ಹಂಗೇರಿಯ ಹವ್ಯಾಸಿ ವೀಕ್ಷಕನೊಬ್ಬನ ಹೆಸರು ಒಮ್ಮೆ ಆಧಾರ ಸಿಗದೆ ಬಿದ್ದುಹೋಗಿತ್ತು. ಕರಂದೀಕರ್ ಸರ್ ಗುರುತು ಪರಿಚಯವಿಲ್ಲದ ಆ ಮನುಷ್ಯನಿಗಾಗಿ ಗ್ರಂಥಾಲಯಗಳಿಗೆ ಪತ್ರ ಬರೆದು, ಹಳೆಯ ಸಂಚಿಕೆಯ ಛಾಯಾಪ್ರತಿ ತರಿಸಿ, ಅದರ ಹಂಗೇರಿಯನ್ ಓದಿ ಅರ್ಥ ಹೇಳುವವರನ್ನು ಹುಡುಕಿ, ಹೆಸರನ್ನು ಮತ್ತೆ ಕೂರಿಸಿದರು. ಅಂದು ವಿಭಾಗಕ್ಕೆಲ್ಲ ಚಿತಳೆಯವರ ಅಂಗಡಿಯ ಖಾರದ ಬಾಕರ್‌ವಡಿ ಹಂಚಿದ್ದು ನೆನಪಿದೆ.

ವೈಜಯಂತಿ ಶೇವಡೆ ಹಂಗೇರಿಯವಳಾಗಿರಲಿಲ್ಲ. ಅದೊಂದೇ ಅವಳ ತಪ್ಪು.

ಸರ್ ಕೈಕೆಳಗೆ ಎಂ.ಎಸ್ಸಿ. ಮಾಡುತ್ತಿದ್ದ ವೈಜು ಹಳೆಯ ಆಕಾಶ ಚಿತ್ರಗಳನ್ನು ಪರೀಕ್ಷಿಸುತ್ತ, ಒಂದು ಸುರುಳಿ ಗೆಲಾಕ್ಸಿಯ ಬೆನ್ನಿಗೆ ಮಸುಕಾದ ಬಾಲವಿರುವುದನ್ನು ಗುರುತಿಸಿದಳು. ದೊಡ್ಡದು ಚಿಕ್ಕದೊಂದನ್ನು ನುಂಗುತ್ತಿದೆ, ಬಾಲ ಅದರ ಅವಶೇಷ ಎಂದು ಲೆಕ್ಕ ಹಾಕಿ ತೋರಿಸಿದಳು. ಸರ್ ಒತ್ತಾಯಿಸಿ ಅದನ್ನು ನಮ್ಮ ವಿಜ್ಞಾನ ಮಂಡಳಿಯ ಮರಾಠಿ ವಾರ್ಷಿಕದಲ್ಲಿ ಅಚ್ಚು ಹಾಕಿಸಿದರು. ಮೊದಲು ನಮ್ಮ ಜನ ಓದಲಿ ಎಂಬುದು ಅವರ ಆಸೆ. ಒಂದು ವರ್ಷದ ಮೇಲೆ ವಿದೇಶಿ ತಂಡವೊಂದು ಅದೇ ಬಾಲವನ್ನು ದೊಡ್ಡ ಪತ್ರಿಕೆಯಲ್ಲಿ ಪ್ರಕಟಿಸಿತು. ಆಗ ಬೆಲ್ಜಿಯಂನ ಸಂಪಾದಕನೊಬ್ಬ ತಕರಾರು ತೆಗೆದ: ಕಾಲಾನುಕ್ರಮಣಿಕೆಯಲ್ಲಿ ವೈಜುವಿನ ಹೆಸರಿದೆ, ಆದರೆ ಆಧಾರ ಯಾರೂ ಓದಲಾಗದ ಭಾಷೆಯಲ್ಲಿದೆ. ಸಂಪಾದಕರಲ್ಲಿ ಮರಾಠಿ ಬಲ್ಲವರು ಒಬ್ಬರೇ. ಅವರು ಬಾಯಿ ಬಿಡಲಿಲ್ಲ.

ಮಧ್ಯಾಹ್ನ ವಿಭಾಗದ ಕೋಣೆಯಲ್ಲಿ ನಾನೇ ಕೇಳಿದೆ.

“ನನ್ನ ಹುಡುಗಿ ಅಂತಲೇ ನಾನು ಮಾತಾಡೋ ಹಾಗಿಲ್ಲ, ಬೇಡೇಕರ್,” ಎಂದರು. “ನಾಳೆ ಜನ ಏನಂತಾರೆ?”

“ಯಾವ ಜನ, ಸರ್? ಆ ಬೆಲ್ಜಿಯಂನೋನ ಮುಖ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ವೈಜು ಮುಖ ದಿನಾ ನೋಡ್ತೀರಿ.”

“ಅದಕ್ಕೇ,” ಎಂದು ಕನ್ನಡಕ ಒರೆಸತೊಡಗಿದರು.

ತೀರ್ಪು ಕೊಡಬಾರದು ಎಂದು ನಿಯಮವಿತ್ತು. ಮರಾಠಿಯಲ್ಲಿ ಏನು ಬರೆದಿದೆ ಎಂದು ಓದಿ ಹೇಳಬಾರದು ಎಂದು ಎಲ್ಲೂ ಇರಲಿಲ್ಲ. ನಿಯಮ ಕೇಳಿದ್ದಕ್ಕಿಂತ ಹೆಚ್ಚು ಕೊಡುವುದು ಕರಂದೀಕರ್ ಸರ್ ಅಭ್ಯಾಸ, ಈ ಸಲ ಕೊಟ್ಟದ್ದು ಮಾತ್ರ ಇನ್ನೊಬ್ಬರ ಸ್ವತ್ತು. ನಾನು ಅನುವಾದಿಸಿ ಚರ್ಚೆಯಲ್ಲಿ ಹಾಕಿದೆ. ಹೊಸಬನ ಮಾತೆಂದು ಅದನ್ನು ಬದಿಗಿಟ್ಟರು. ಸಾಲು ಹೋಯಿತು. ಸಂಪಾದಕರೆಲ್ಲ ಕರಂದೀಕರ್ ಅವರ ನಿಷ್ಪಕ್ಷಪಾತವನ್ನು ಕೊಂಡಾಡಿದರು. ಆ ಹೊಗಳಿಕೆಗೆ ನನಗೆ ಸಿಟ್ಟು ಬಂತು, ಇಂದಿಗೂ ಬರುತ್ತದೆ.

ಮರುವರ್ಷ ಸಂಶೋಧನಾ ಸೀಟಿನ ಸಂದರ್ಶನದಲ್ಲಿ ಸಮಿತಿಯವರು ಅದೇ ಕಾಲಾನುಕ್ರಮಣಿಕೆಯನ್ನು ತೆರೆದು, ನೀವು ಕಂಡಿದ್ದೆನ್ನುತ್ತೀರಿ, ಇಲ್ಲಿ ಬೇರೆಯವರ ಹೆಸರಿದೆಯಲ್ಲ ಎಂದು ವೈಜುವನ್ನು ಕೇಳಿದರು. ಸೀಟು ಸಿಗಲಿಲ್ಲ. ಈಗ ಅವಳು ಚಿಂಚ್‌ವಡದ ಕೋಚಿಂಗ್ ಕ್ಲಾಸಿನಲ್ಲಿ ಪ್ರವೇಶ ಪರೀಕ್ಷೆಯ ಗಣಿತ ಹೇಳಿಕೊಡುತ್ತಾಳೆ. ಚೆನ್ನಾಗಿ ಹೇಳಿಕೊಡುತ್ತಾಳಂತೆ. ಆಕಾಶದ ವಿಷಯ ಎತ್ತಿದರೆ ಮಾತು ಬದಲಿಸುತ್ತಾಳೆ.

ಈ ಗ್ರಂಥಕ್ಕೆ ಅವಳೂ ಬರೆಯಲಿ ಎಂದು ಫೋನ್ ಮಾಡಿದೆ. “ಸರ್ ಒಳ್ಳೇವ್ರು ಅಂತ ನೀವೇ ಬರೀರಿ, ಅದು ನಿಜಾನೇ,” ಎಂದಳು. “ನಾನು ಬರೆದ್ರೆ ಯಾರು ನಂಬ್ತಾರೆ? ನಾನು ಅವರ ಸ್ಟೂಡೆಂಟ್ ಅಲ್ವಾ.” ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕರಂದೀಕರ್ ಸರ್ ಈ ಪುಟಗಳನ್ನು ಓದುತ್ತಾರೆಂದು ಬಲ್ಲೆ. ಅಚ್ಚಿನ ತಪ್ಪುಗಳಿಗೆ ಗುರುತನ್ನೂ ಹಾಕುತ್ತಾರೆ. ಮಂಡಳಿಯ ಆ ವಾರ್ಷಿಕ ಇನ್ನೂ ನನ್ನ ಕಪಾಟಿನಲ್ಲಿದೆ, ಮರಾಠಿ ಅವರಿಗೆ ಇನ್ನೂ ಬರುತ್ತದೆ, ಚರ್ಚೆಯ ಪುಟವನ್ನು ಯಾರೂ ಮುಚ್ಚಿಲ್ಲ. ಅವರ ಕಣ್ಣು ಚುರುಕಾಗಿರಲಿ, ಕೈ ನಡುಗದಿರಲಿ, ಕಾಲಾನುಕ್ರಮಣಿಕೆಯ ಕೆಲಸ ಮುಂದುವರಿಯಲಿ. ದೀರ್ಘಾಯುಸ್ಸನ್ನು ನಾನು ವಾಡಿಕೆಗಾಗಿ ಕೋರುತ್ತಿಲ್ಲ. ವೈಜಯಂತಿ ಶೇವಡೆಯ ಹೆಸರನ್ನು ಬರೆಯುವವರೆಗೆ ಅವರು ಬದುಕಿರಲೇಬೇಕು.